ಘಟ್ಟ ಇಳಿಯುವ ಲೆಕ್ಕ

ಬೆಂಗಳೂರಿನಲ್ಲಿ ಸೂರ್ಯ ಮುಳುಗಿ ಸುಮಾರು 11 ನಿಮಿಷ ಕಳೆದ ಮೇಲೆ ಮಂಗಳೂರಿನಲ್ಲಿ ಮುಳುಗುತ್ತಾನೆ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕೆ ಇರುವುದರಿಂದ ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಈ ಅಂತರ ಅಷ್ಟೇ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಎರಡು ಊರುಗಳ ನಡುವಿನ ರೇಖಾಂಶದ ವ್ಯತ್ಯಾಸ ಎರಡೂಮುಕ್ಕಾಲು ಡಿಗ್ರಿ. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ನೆಲದ ಮೇಲೆ 108 ಕಿಲೋಮೀಟರಿಗಿಂತ ತುಸು ಹೆಚ್ಚು. ಗುಣಿಸಿದರೆ ಬರುವುದು 298 ಕಿ.ಮೀ. ಬೆಂಗಳೂರಿಂದ ಮಂಗಳೂರಿಗೆ ಹಕ್ಕಿ ಹಾರುವ ದೂರ ಇದು.

ಗಡಿಯಾರ ಹಿಡಿದು ದೂರ ಅಳೆಯುವ ಈ ವಿಧಾನ ಕೇಳಲು ಸುಲಭ, ಮಾಡಲು ಕಷ್ಟ. ಗಡಿಯಾರ ಒಂದೇ ಒಂದು ನಿಮಿಷ ತಪ್ಪಿದರೆ ನೆಲದ ಮೇಲೆ 27 ಕಿ.ಮೀ. ತಪ್ಪುತ್ತದೆ. ದಂಡು ನಡೆದ ದಾರಿಯ ಲೆಕ್ಕವನ್ನೂ ಆಕಾಶಕಾಯಗಳ ವೀಕ್ಷಣೆಯನ್ನೂ ಸೇರಿಸಿ ಬರೆದ ಹದಿನೆಂಟನೇ ಶತಮಾನದ ನಕ್ಷೆಗಳಲ್ಲಿ ದಕ್ಷಿಣ ಭಾರತ ಇದ್ದುದಕ್ಕಿಂತ ಅಗಲವಾಗಿ ಕಾಣಲು ಇಂಥ ತಪ್ಪುಗಳೇ ಕಾರಣ. ಅದನ್ನು ತಿದ್ದಿದವನು ವಿಲಿಯಂ ಲ್ಯಾಂಬ್ಟನ್. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಸೇನಾಧಿಕಾರಿ, ಯುದ್ಧ ಮುಗಿದ ಮೇಲೆ ಕೈಗೆತ್ತಿಕೊಂಡದ್ದು ನೆಲ ಅಳೆಯುವ ಕೆಲಸವನ್ನು. 1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆ ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೂ ಒಳ್ಳೆಯ ಉಪಕರಣಗಳೊಡನೆ ಮತ್ತೊಂದನ್ನು ಅಳೆದ. ಏಳೂವರೆ ಮೈಲಿ ಉದ್ದದ ಆ ಒಂದು ಗೆರೆಗೆ 57 ದಿನ ಹಿಡಿಯಿತು. ಯಾಕೆಂದರೆ 100 ಅಡಿಯ ಉಕ್ಕಿನ ಸರಪಳಿಯನ್ನು ಒಂದೊಂದು ಸಲ ಹಾಸಿದಾಗಲೂ ಅದರ ಉಷ್ಣಾಂಶ ನೋಡಬೇಕು. ಬಿಸಿಲಿಗೆ ಸರಪಳಿ 10 ಡಿಗ್ರಿ ಹೆಚ್ಚು ಕಾದು, ಅದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ, ಅಷ್ಟು ಉದ್ದಕ್ಕೆ ಸುಮಾರು ಒಂದೂವರೆ ಮೀಟರ್ ತಪ್ಪಾಗುತ್ತದೆ. ಆಮೇಲಿನ ಇಡೀ ಸರ್ವೇಕ್ಷಣೆ ನಿಲ್ಲುವುದು ಆ ಗೆರೆಯ ಮೇಲೆಯೇ.

ಅಲ್ಲಿಂದ ಮುಂದಕ್ಕೆ ಸರಪಳಿ ಬೇಡ. ತ್ರಿಕೋನದ ಒಂದು ಬದಿ ಮತ್ತು ಅದರ ಎರಡು ತುದಿಗಳ ಕೋನ ಗೊತ್ತಿದ್ದರೆ ಉಳಿದೆರಡು ಬದಿಗಳು ಲೆಕ್ಕದಿಂದಲೇ ಸಿಗುತ್ತವೆ. ಹಾಗೆ ಸಿಕ್ಕ ಬದಿಯೇ ಮುಂದಿನ ತ್ರಿಕೋನಕ್ಕೆ ಆಧಾರ. ಕೋನ ಅಳೆಯಲು ಸುಮಾರು ಅರ್ಧ ಟನ್ ತೂಗುವ ಥಿಯೊಡೊಲೈಟನ್ನು ಗುಡ್ಡದಿಂದ ಗುಡ್ಡಕ್ಕೆ ಹೊತ್ತುಕೊಂಡು ಮದರಾಸಿನಿಂದ ಬೆಂಗಳೂರು ದಾಟಿ, ಘಟ್ಟ ಇಳಿದು, ಮಂಗಳೂರಿನ ಕಡಲತೀರದವರೆಗೆ ತ್ರಿಕೋನಗಳನ್ನು ಹೆಣೆದರು. ಕರಾವಳಿಯಿಂದ ಕರಾವಳಿಗೆ ಬಂದ ಅಗಲ ಸುಮಾರು 360 ಮೈಲಿ. ಅಲ್ಲಿಯವರೆಗೆ ನಂಬಿಕೊಂಡಿದ್ದುದು 400 ಮೈಲಿ. ನಕ್ಷೆಯಿಂದ 40 ಮೈಲಿ ನೆಲವೇ ಮಾಯವಾಯಿತು. ಗಡಿಯಾರದ ಲೆಕ್ಕದಲ್ಲಿ ಇದು ಎರಡೂವರೆ ನಿಮಿಷವೂ ಇಲ್ಲ. ಬೆಂಗಳೂರು–ಮಂಗಳೂರು ನಡುವಿನ ನಿಜವಾದ ನೇರ ದೂರ ಮೊದಲು ಗೊತ್ತಾದದ್ದು ಹೀಗೆ. ಆ ಭಾರ ಹೊತ್ತವರ ಹೆಸರುಗಳು ನಮಗೆ ಉಳಿದಿಲ್ಲ. ಕಾಡಿನಲ್ಲಿ ಗೆರೆ ಕಡಿದವರು, ಗುಡ್ಡದ ತುದಿಯಲ್ಲಿ ಬಾವುಟ ಹಿಡಿದು ನಿಂತವರು ಇಲ್ಲದೆ ಲ್ಯಾಂಬ್ಟನ್‌ನ ಗಣಿತ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ ಎಂಬುದನ್ನು ನೆನೆಯಲೇಬೇಕು.

ನೇರ ದೂರ ಎಂದೆನಲ್ಲ, ಅದೂ ಪೂರ್ತಿ ನೇರವಲ್ಲ. ಭೂಮಿಯ ಮೈ ಬಾಗಿದೆ. ಎರಡು ಊರುಗಳ ಎತ್ತರದ ವ್ಯತ್ಯಾಸವನ್ನು ಬದಿಗಿಟ್ಟು ಬೆಂಗಳೂರಿಂದ ಮಂಗಳೂರಿಗೆ ನೆಲದೊಳಗೇ ಒಂದು ಸರಳರೇಖೆ ಎಳೆದರೆ, ಅದು ನಡುದಾರಿಯಲ್ಲಿ ನೆಲದಿಂದ ಸುಮಾರು ಒಂದೂಮುಕ್ಕಾಲು ಕಿ.ಮೀ. ಆಳದಲ್ಲಿ ಹಾದುಹೋಗುತ್ತದೆ. ಅಷ್ಟು ಆಳದ ಸುರಂಗ ಕೊರೆದರೆ ಉಳಿಯುವ ದೂರವೆಷ್ಟು? 30 ಮೀಟರೂ ಇಲ್ಲ. ಆದರೆ ಆ ಸುರಂಗದಲ್ಲಿ ಗಾಳಿಯೂ ಘರ್ಷಣೆಯೂ ಇಲ್ಲದಿದ್ದರೆ, ಒಂದು ತುದಿಯಲ್ಲಿ ಸುಮ್ಮನೆ ಬಿಟ್ಟ ಗಾಡಿ ತನ್ನ ಭಾರದಿಂದಲೇ ಜಾರಿ, ನಡುವಿನಲ್ಲಿ ವೇಗದ ತುದಿ ಮುಟ್ಟಿ, ಇನ್ನೊಂದು ತುದಿಗೆ ಸುಮಾರು 42 ನಿಮಿಷದಲ್ಲಿ ಬಂದು ನಿಲ್ಲುತ್ತದೆ. ಭೂಮಿಯನ್ನು ಏಕರೂಪದ ಗೋಳವೆಂದು ಭಾವಿಸಿದರೆ ಯಾವ ಎರಡು ಊರುಗಳ ನಡುವೆಯೂ ಇದೇ 42 ನಿಮಿಷ. ದೂರಕ್ಕೂ ಸಮಯಕ್ಕೂ ಸಂಬಂಧವೇ ಇಲ್ಲದ ಒಂದು ಪ್ರಯಾಣ ಭೌತಶಾಸ್ತ್ರದಲ್ಲಿ ಸಾಧ್ಯ ಎಂಬುದು ನನಗೆ ಇಂದಿಗೂ ಬೆರಗು.

ರಸ್ತೆಯ ಮೇಲೆ ಆ ಅನುಕೂಲವಿಲ್ಲ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್ ಹಾದು ಮಂಗಳೂರು ಮುಟ್ಟುವ ಹೆದ್ದಾರಿಯ ಉದ್ದ ಬೆಂಗಳೂರಿನಿಂದ ಸುಮಾರು 350 ಕಿ.ಮೀ. ಹಕ್ಕಿಯ ದಾರಿಗಿಂತ ಶೇಕಡಾ 17ರಷ್ಟು ಮಾತ್ರ ಹೆಚ್ಚು. ಮಲೆನಾಡು ದಾಟುವ ರಸ್ತೆಗೆ ಇದು ಒಳ್ಳೆಯ ಅಂಕ ಎಂದೇ ಹೇಳಬೇಕು. ಹಾಗಿದ್ದೂ ಬಸ್ಸಿಗೆ ಏಳೆಂಟು ಗಂಟೆ ಯಾಕೆ ಬೇಕು? ಉದ್ದ ನೋಡಿದರೆ ಉತ್ತರ ಸಿಗುವುದಿಲ್ಲ. ಎತ್ತರ ನೋಡಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ 220 ಕಿ.ಮೀ. ಸಾಗಿ ಸಕಲೇಶಪುರಕ್ಕೆ ಬಂದರೂ ಎತ್ತರ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಸೇತುವೆಯ ಕೆಳಗೆ ಹರಿಯುವ ಹೇಮಾವತಿಗೆ ಅರಬ್ಬೀ ಸಮುದ್ರ ನೇರ ಗೆರೆಯಲ್ಲಿ 100 ಕಿ.ಮೀ. ದೂರ. ಆದರೂ ಆ ನೀರು ಬೆನ್ನು ತಿರುಗಿಸಿ ಪೂರ್ವಕ್ಕೆ ಹೋಗಿ, ಕಾವೇರಿ ಸೇರಿ, ಬಂಗಾಳ ಕೊಲ್ಲಿಯವರೆಗೆ ನಡೆಯುತ್ತದೆ. ಸಕಲೇಶಪುರ ಬಿಟ್ಟು ಸ್ವಲ್ಪ ಮುಂದೆ ಸಿಗುವ ಕೆಂಪುಹೊಳೆಯ ನೀರು ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿಗೆ ಇಳಿದುಬಿಡುತ್ತದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಾಗ ನೆಲ ಸೀಳಿಹೋದ ಅಂಚೇ ಪಶ್ಚಿಮ ಘಟ್ಟದ ಈ ಕಡಿದಾದ ಮುಖಕ್ಕೆ ಮೂಲ ಎಂಬುದು ಭೂವಿಜ್ಞಾನಿಗಳ ವಿವರಣೆ. ಪೂರ್ವಕ್ಕೆ ನಿಧಾನದ ಇಳುಕಲು, ಪಶ್ಚಿಮಕ್ಕೆ ಥಟ್ಟನೆ ಪಾತಾಳ. ಬೆಂಗಳೂರಿನಿಂದ ಹೊರಟವರು ಇಳಿಯಬೇಕಾದ 900 ಮೀಟರಿನಲ್ಲಿ 800ರಷ್ಟು ಸಕಲೇಶಪುರ ಮತ್ತು ಗುಂಡ್ಯದ ನಡುವೆಯೇ ಇದೆ.

ಪ್ರತಿ ವಾಹನಕ್ಕೂ ಅದರದೇ ಆದ ಇಳಿಜಾರಿನ ಮಿತಿ ಇದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಆದ್ದರಿಂದ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲುಮಾರ್ಗದಲ್ಲಿ 50 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ. 800 ಮೀಟರ್ ಇಳಿಯಲು ಹಾಗಾದರೆ ಕನಿಷ್ಠ 40 ಕಿ.ಮೀ. ಹಳಿ ಬೇಕು, ನಿಜದಲ್ಲಿ ಈ ಘಟ್ಟದ ಭಾಗ ಸುಮಾರು 55 ಕಿ.ಮೀ. ಇದೆ. ಎಡಕುಮೇರಿ, ಸಿರಿಬಾಗಿಲು ಎಂದು ಕಾಡಿನ ನಡುವೆ ನಿಲ್ದಾಣಗಳು, 50ಕ್ಕೂ ಹೆಚ್ಚು ಸುರಂಗಗಳು. ರಬ್ಬರ್ ಗಾಲಿ ಹೆಚ್ಚು ಹಿಡಿತದ್ದು. ರಸ್ತೆಯಲ್ಲಿ 20 ಮೀಟರಿಗೆ 1 ಮೀಟರ್ ಇಳಿಯಬಹುದು. 800 ಮೀಟರಿಗೆ 16 ಕಿ.ಮೀ. ಸಾಕು, ತಿರುವುಗಳನ್ನು ಸೇರಿಸಿದರೆ ಇನ್ನಷ್ಟು. ಹೆಗ್ಗದ್ದೆಯಿಂದ ಅಡ್ಡಹೊಳೆವರೆಗಿನ ಶಿರಾಡಿ ಘಾಟಿ ಸುಮಾರು 26 ಕಿ.ಮೀ.

ವಿಮಾನ? ಇಳಿಯುವ ವಿಮಾನ ರನ್‌ವೇ ಕಡೆಗೆ ಬರುವ ಕೋನ ಸಾಮಾನ್ಯವಾಗಿ 3 ಡಿಗ್ರಿ. ಅದನ್ನು ರಸ್ತೆಯ ಭಾಷೆಗೆ ತಂದರೆ 19 ಮೀಟರಿಗೆ 1 ಮೀಟರ್. ಶಿರಾಡಿಯಲ್ಲಿ ಇಳಿಯುವ ಬಸ್ಸೂ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯುವ ವಿಮಾನವೂ ಹೆಚ್ಚುಕಡಿಮೆ ಒಂದೇ ಇಳಿಜಾರಿನಲ್ಲಿವೆ. ಬಸ್ಸಿನ ಕಷ್ಟವೇನೆಂದರೆ ಅದು ಆ ಇಳಿಜಾರನ್ನು ಬೆಟ್ಟದ ಮೈಮೇಲೆ ಹುಡುಕಿಕೊಳ್ಳಬೇಕು. ಬೆಟ್ಟ ತಿರುಗಿದಲ್ಲೆಲ್ಲ ರಸ್ತೆಯೂ ತಿರುಗಬೇಕು.

ತಿರುವಿನಲ್ಲಿ ವೇಗಕ್ಕೆ ಗಡಿ ಹಾಕುವುದು ಚಾಲಕನ ಧೈರ್ಯವಲ್ಲ, ವೃತ್ತದ ತ್ರಿಜ್ಯ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಪ್ರಯಾಣಿಕರನ್ನು ಬದಿಗೆ ನೂಕುವ ವೇಗೋತ್ಕರ್ಷ ಭೂಗುರುತ್ವದ ಐದನೇ ಒಂದು ಭಾಗ ಮೀರಬಾರದೆಂದರೆ, ಗಂಟೆಗೆ 27–28 ಕಿ.ಮೀ.ಗಿಂತ ಜೋರಾಗಿ ಹೋಗುವಂತಿಲ್ಲ. ಅದಕ್ಕಿಂತ ಹೆಚ್ಚಾದರೆ ಸೀಟಿನಲ್ಲಿ ನಿದ್ದೆಹೋದವರ ತಲೆ ಕಿಟಕಿಗೆ ಬಡಿಯುತ್ತದೆ, ಲಗೇಜು ಜಾರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಗಾಲಿಯೂ ಜಾರೀತು. ವೇಗ ಎರಡು ಪಟ್ಟು ಬೇಕೆಂದರೆ ತ್ರಿಜ್ಯ ನಾಲ್ಕು ಪಟ್ಟು ಬೇಕು, 120 ಮೀಟರ್. ಘಟ್ಟದ ಕಣಿವೆಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಬೆಟ್ಟ ಕಡಿಯಬೇಕು. ಬೆಟ್ಟದ ಬುಡವನ್ನು ನೆಟ್ಟಗೆ ಕಡಿದು ನಿಲ್ಲಿಸಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ. ಮಳೆನೀರು ಹೀರಿ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತ ಸಡಿಲುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ಹೆದ್ದಾರಿಯ ಮೇಲೆ ಗುಡ್ಡ ಜರಿದು ಸಂಚಾರ ಕಟ್ಟಿಹೋಯಿತು. ಅದೇ ತಿಂಗಳು ಎಡಕುಮೇರಿಯ ಬಳಿ ರೈಲುಮಾರ್ಗದ ಅಡಿಯ ಮಣ್ಣೂ ಜರಿಯಿತು.

ತಿರುವಿನ ಜೊತೆಗೆ ಲಾರಿಗಳ ಮಾತೂ ಇದೆ. ಪಣಂಬೂರಿನ ಬಂದರಿನಿಂದ ಹೊರಟ ಸರಕು, ಅನಿಲ ತುಂಬಿದ ಬುಲೆಟ್ ಟ್ಯಾಂಕರ್‌ಗಳು ಘಟ್ಟ ಹತ್ತುವುದು ಇದೇ ರಸ್ತೆಯಲ್ಲಿ. 40 ಟನ್ ತೂಕದ ಲಾರಿ 20ಕ್ಕೆ 1ರ ಏರಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಲು, ತನ್ನ ಭಾರವನ್ನು ಮೇಲೆತ್ತುವುದಕ್ಕೇ ಸುಮಾರು 145 ಅಶ್ವಶಕ್ತಿ ಬೇಕು. ಇಂಜಿನ್‌ನಲ್ಲಿ ಇರುವುದೇ ಇನ್ನೂರು ಚಿಲ್ಲರೆಯಾದರೆ ಅದಕ್ಕಿಂತ ವೇಗದ ಆಸೆ ಹೆಚ್ಚೇನೂ ಇಟ್ಟುಕೊಳ್ಳುವಂತಿಲ್ಲ. ಇಳಿಯುವಾಗ ಲೆಕ್ಕ ತಿರುಗುಮುರುಗು. ಅದೇ ಲಾರಿ 800 ಮೀಟರ್ ಇಳಿಯುವಷ್ಟರಲ್ಲಿ ಬಿಟ್ಟುಕೊಡುವ ಶಕ್ತಿಯೆಲ್ಲ ಶಾಖವಾದರೆ, 1,000 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಷ್ಟನ್ನೂ ಬ್ರೇಕಿನ ಮೇಲೆಯೇ ಹಾಕಿದರೆ ಬ್ರೇಕ್ ಕಾದು ಹಿಡಿಯದಂತಾಗುತ್ತದೆ. ಅದಕ್ಕೇ ಅನುಭವಸ್ಥ ಚಾಲಕರು ಯಾವ ಗೇರಿನಲ್ಲಿ ಹತ್ತುತ್ತಾರೋ ಅದೇ ಗೇರಿನಲ್ಲಿ ಇಳಿಯುತ್ತಾರೆ. ಹಿಂದಿನಿಂದ ಹಾರನ್ ಹೊಡೆಯುವ ಕಾರಿನವರು ಇದನ್ನು ತಿಳಿದುಕೊಂಡರೆ ಎಷ್ಟೋ ಜೀವ ಉಳಿದೀತು.

ನಿಧಾನದ ತುಣುಕು ಒಟ್ಟು ಸಮಯವನ್ನು ಹೇಗೆ ತಿನ್ನುತ್ತದೆ ನೋಡಿ. 26 ಕಿ.ಮೀ. ಘಾಟಿಯನ್ನು ಗಂಟೆಗೆ 26ರ ವೇಗದಲ್ಲಿ ದಾಟಿದರೆ ಒಂದು ಗಂಟೆ. ಅದೇ ವೇಗ 52 ಆದರೆ ಅರ್ಧ ಗಂಟೆ ಉಳಿಯುತ್ತದೆ. ಬಯಲುಸೀಮೆಯ ನಾಲ್ಕು ಪಥದ ರಸ್ತೆಯಲ್ಲಿ ಈ ಅರ್ಧ ಗಂಟೆ ಉಳಿಸಬೇಕೆಂದರೆ? 80ರಲ್ಲಿ ಹೋಗುವವರು 100ಕ್ಕೆ ಏರಿಸಿ, ಆ ವೇಗವನ್ನು 200 ಕಿ.ಮೀ. ಉದ್ದಕ್ಕೂ ಕಾಪಾಡಿಕೊಳ್ಳಬೇಕು. ಕುಣಿಗಲ್ ದಾಟಿದ ಮೇಲೆ ಆಕ್ಸಿಲರೇಟರ್ ಒತ್ತುವವರು ಗಳಿಸುವುದು ಅತ್ಯಲ್ಪ, ಪಣಕ್ಕಿಡುವುದು ಪ್ರಾಣವನ್ನು.

ಆದರೂ ಘಟ್ಟವೊಂದೇ ಕಾರಣವಲ್ಲ ಎಂಬುದಕ್ಕೆ ಒಂದು ಬಲವಾದ ಸಾಕ್ಷಿ ಇದೆ. 2020ರ ಫೆಬ್ರವರಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಬೇಕಿದ್ದ ಹಸುಗೂಸೊಂದನ್ನು ಮಂಗಳೂರಿನಿಂದ ಬೆಂಗಳೂರಿಗೆ ಆಂಬುಲೆನ್ಸ್‌ನಲ್ಲಿ ತಂದರು. ದಾರಿಯುದ್ದಕ್ಕೂ ಪೊಲೀಸರು, ಊರಿನವರು ರಸ್ತೆ ತೆರವು ಮಾಡಿಕೊಟ್ಟರು. ಹಿಡಿದ ಸಮಯ ನಾಲ್ಕೂವರೆ ಗಂಟೆಗಿಂತ ಕಡಿಮೆ. ಅದೇ ರಸ್ತೆ, ಅದೇ ಉದ್ದ, ಸರಾಸರಿ ವೇಗ ಗಂಟೆಗೆ 80 ಕಿ.ಮೀ. ದಿನನಿತ್ಯದ ಏಳು ಗಂಟೆಯಲ್ಲಿ ಎರಡೂವರೆ ಗಂಟೆ ಬೇರೆ ವಾಹನಗಳದ್ದು, ಊರೊಳಗಿನ ಸಿಗ್ನಲ್‌ಗಳದ್ದು, ಊಟ–ಕಾಫಿಯ ನಿಲುಗಡೆಯದ್ದು ಎಂದಾಯಿತು.

ಇನ್ನು ವಿಮಾನದ ಲೆಕ್ಕ. ದೇವನಹಳ್ಳಿಯ ನಿಲ್ದಾಣದಿಂದ ಬಜ್ಪೆಗೆ ನೇರ ದೂರ ಸುಮಾರು 307 ಕಿ.ಮೀ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಮೀರಿ ಹಾರಬಲ್ಲದು. ಭಾಗಿಸಿದರೆ 23 ನಿಮಿಷ. ಆದರೆ ವೇಳಾಪಟ್ಟಿಯಲ್ಲಿರುವುದು ಸುಮಾರು ಒಂದು ಗಂಟೆ. ವಿಮಾನ ಪೂರ್ಣ ವೇಗಕ್ಕೆ ಬರುವುದು ತೆಳುಗಾಳಿಯ ಎತ್ತರದಲ್ಲಿ. 3 ಡಿಗ್ರಿಯ ಇಳಿಜಾರಿನಲ್ಲಿ 1,000 ಅಡಿ ಇಳಿಯಲು 3 ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ಬಾಯಿಲೆಕ್ಕ. 30,000 ಅಡಿಯಿಂದ ಇಳಿಯಲು 90 ನಾಟಿಕಲ್ ಮೈಲಿ, ಅಂದರೆ ಸುಮಾರು 165 ಕಿ.ಮೀ. ಬೇಕಾಯಿತು. ಅಷ್ಟು ಎತ್ತರಕ್ಕೆ ಏರಲೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಎರಡನ್ನೂ ಕೂಡಿದರೆ ದಾರಿಯೇ ಮುಗಿದುಹೋಯಿತು! ಹಾಗಾಗಿ ಈ ಮಾರ್ಗದ ವಿಮಾನಗಳು ಅಷ್ಟು ಮೇಲಕ್ಕೆ ಹೋಗುವುದೇ ಇಲ್ಲ. ಏರಿದ್ದು ಮುಗಿಯುವುದರೊಳಗೆ ಇಳಿಯುವ ಸೂಚನೆ ಬರುತ್ತದೆ. ದೇವನಹಳ್ಳಿಯ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು. ಮುಂಗಾರಿನ ಪಡುವಣ ಗಾಳಿಯಲ್ಲಿ ಮಂಗಳೂರಿನ ಕಡೆಗೇ ಮುಖ ಮಾಡಿ ಏರುತ್ತದೆ. ಮೂಡಣ ಗಾಳಿ ಬೀಸುವ ಚಳಿಗಾಲದಲ್ಲಿ ಮೊದಲು ಪೂರ್ವಕ್ಕೆ ಹಾರಿ ಆಮೇಲೆ ಹಿಂದಕ್ಕೆ ತಿರುಗಬೇಕು.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಹಾರಾಟವೇ ಚಿಕ್ಕ ಭಾಗ. ಜಯನಗರದಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ತಪಾಸಣೆಗೆಂದು ಮುಂಚೆ ಹೋಗಿ ಕಾಯುವುದು ಒಂದೂವರೆ ಗಂಟೆ, ವಿಮಾನದೊಳಗೆ ಒಂದು ಗಂಟೆ, ಲಗೇಜು ಪಡೆದು ಹೊರಬರಲು 20 ನಿಮಿಷ, ಬಜ್ಪೆಯ ಗುಡ್ಡ ಇಳಿದು ಮಂಗಳೂರಿನ ಹಂಪನಕಟ್ಟೆ ಮುಟ್ಟಲು 40 ನಿಮಿಷ. ಒಟ್ಟು ಐದು ಗಂಟೆ. ನಿಜವಾಗಿ ದೂರ ಕ್ರಮಿಸುವ ಆ 23 ನಿಮಿಷ ಕಳೆದರೆ, ಇದರಲ್ಲಿ ಸುಮಾರು ನಾಲ್ಕೂವರೆ ಗಂಟೆ ದೂರಕ್ಕೆ ಸಂಬಂಧವೇ ಇಲ್ಲದ ಖರ್ಚು. ವಿಮಾನ ಮಂಗಳೂರಿಗೆ ಹೋಗಲಿ, ದೆಹಲಿಗೆ ಹೋಗಲಿ, ಆ ನಾಲ್ಕೂವರೆ ಗಂಟೆ ತೆರಲೇಬೇಕು. ರಸ್ತೆಯಲ್ಲಿ ಹೀಗಲ್ಲ, ಮನೆ ಬಾಗಿಲಿನಿಂದಲೇ ದೂರ ಕರಗತೊಡಗುತ್ತದೆ.

ಎರಡನ್ನೂ ಒಂದೇ ಹಾಳೆಯಲ್ಲಿ ಗೆರೆಗಳಾಗಿ ಬರೆದರೆ ವಿಮಾನದ ಗೆರೆ ಎತ್ತರದಲ್ಲಿ ಶುರುವಾಗಿ ಬಹುತೇಕ ಮಟ್ಟಸವಾಗಿ ಹೋಗುತ್ತದೆ, ರಸ್ತೆಯ ಗೆರೆ ಸೊನ್ನೆಯಿಂದ ಹೊರಟು ಏರುತ್ತದೆ. ಎಲ್ಲಿ ದಾಟಿಕೊಳ್ಳುತ್ತವೋ ಅಲ್ಲಿಂದಾಚೆ ವಿಮಾನಕ್ಕೆ ಗೆಲುವು. ರಸ್ತೆಯ ಸರಾಸರಿ ವೇಗ ಗಂಟೆಗೆ 50 ಕಿ.ಮೀ. ಇದ್ದರೆ ಈ ಬಿಂದು ಸುಮಾರು 240 ಕಿ.ಮೀ. ರಸ್ತೆದೂರದಲ್ಲಿ ಬರುತ್ತದೆ. 80 ಇದ್ದರೆ 400 ಕಿ.ಮೀ.ಗೆ ಜಾರುತ್ತದೆ. 145 ಕಿ.ಮೀ. ದೂರದ ಮೈಸೂರಿಗೆ ಯಾವ ಲೆಕ್ಕದಲ್ಲೂ ವಿಮಾನ ಸಲ್ಲದು. 2023ರಲ್ಲಿ ದಶಪಥ ರಸ್ತೆ ಉದ್ಘಾಟನೆಯಾದ ಮೇಲಂತೂ ಆ ಮಾತೇ ಬೇಡ. ಕಲಬುರಗಿಗೆ ಯಾವ ಲೆಕ್ಕದಲ್ಲೂ ವಿಮಾನವೇ ಬೇಗ. ಮಂಗಳೂರಿನ 350 ಕಿ.ಮೀ. ಎರಡು ಬಿಂದುಗಳ ನಟ್ಟನಡುವೆ ಬಂದು ಕೂತಿದೆ. ಅದಕ್ಕೇ ಈ ಮಾರ್ಗದಲ್ಲಿ ಯಾವುದು ಬೇಗ ಎಂಬ ವಾದ ಮುಗಿಯುವುದಿಲ್ಲ. ರಸ್ತೆ ಸರಾಗವಾಗಿದ್ದ ದಿನ ಆ ಆಂಬುಲೆನ್ಸ್ ವಿಮಾನಕ್ಕಿಂತ ಮೊದಲೇ ಮುಟ್ಟಬಲ್ಲದು. ಗುಡ್ಡ ಜರಿದ ದಿನ ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಸುತ್ತಿ ಹೋಗುವ ಬಸ್ಸಿಗೆ ಹತ್ತು ಗಂಟೆಯೂ ಸಾಲದು.

ಹೀಗಿರುವಾಗ ಎರಡು ಊರುಗಳ ನಡುವಿನ ಪ್ರಯಾಣಕ್ಕೆ ಒಂದೇ ಅಂಕೆ ಕೊಡುವ ಪದ್ಧತಿ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಇಷ್ಟರಿಂದ ಇಷ್ಟು, ಮಳೆಗಾಲದಲ್ಲಿ ಇಷ್ಟರಿಂದ ಇಷ್ಟು ಎಂದು ಹೇಳಬೇಕು. ಸಂದರ್ಶನಕ್ಕೆ ಹೊರಟ ಹುಡುಗಿಗೆ, ಆಸ್ಪತ್ರೆಯ ತಾರೀಖು ಹಿಡಿದು ಹೊರಟ ರೋಗಿಗೆ ಸರಾಸರಿಗಿಂತ ಮುಖ್ಯವಾದದ್ದು ಅತಿ ತಡವಾದರೆ ಎಷ್ಟು ಎಂಬುದು. ರಾತ್ರಿ ಹತ್ತೂವರೆಗೆ ಮೆಜೆಸ್ಟಿಕ್ ಬಿಟ್ಟು ಬೆಳಗಿನ ಆರಕ್ಕೆ ಮಂಗಳೂರು ತಲುಪುವ ಸ್ಲೀಪರ್ ಬಸ್ಸಿಗೆ ಜನ ಇಷ್ಟು ಒಲಿದಿರುವುದಕ್ಕೆ ಇದೂ ಕಾರಣ. ಒಂದು ಗಂಟೆ ತಡವಾದರೂ ನಷ್ಟವಾಗುವುದು ನಿದ್ದೆಯಲ್ಲಿ ಕಳೆದ ಗಂಟೆ, ಕೆಲಸದ ಗಂಟೆಯಲ್ಲ.

1881ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಒಂದು ವಿಶ್ವನಕ್ಷೆ ಪ್ರಕಟಿಸಿದ. ಲಂಡನ್ನಿನಿಂದ ಹೊರಟವರು ಎಷ್ಟು ದಿನದಲ್ಲಿ ಎಲ್ಲಿ ಮುಟ್ಟಬಹುದು ಎಂಬುದಕ್ಕೆ ತಕ್ಕಂತೆ ನೆಲಕ್ಕೆ ಬಣ್ಣ ಬಳಿದಿದ್ದ. ಒಂದೇ ಸಮಯದಲ್ಲಿ ಮುಟ್ಟುವ ಜಾಗಗಳನ್ನೆಲ್ಲ ಕೂಡಿಸುವ ಇಂಥ ಸಮಕಾಲ ರೇಖೆಗಳನ್ನು ನಮ್ಮ ಜಿಲ್ಲೆಗಳಿಗೂ ಎಳೆಯಬಹುದು. ಹಂಪನಕಟ್ಟೆಯವರಿಗೆ ಬೆಂಗಳೂರು ವಿಮಾನದಲ್ಲಿ ಐದು ಗಂಟೆ, ಬಸ್ಸಿನಲ್ಲಿ ಏಳು. ಅಲ್ಲಿಂದ 55 ಕಿ.ಮೀ. ಪೂರ್ವದ ಉಪ್ಪಿನಂಗಡಿಯವರು ವಿಮಾನ ಹಿಡಿಯಬೇಕೆಂದರೆ ಒಂದೂವರೆ ಗಂಟೆ ಹಿಂದಕ್ಕೆ ಬಜ್ಪೆಗೆ ಹೋಗಬೇಕು. ಒಟ್ಟು ಐದು ಗಂಟೆ 50 ನಿಮಿಷ. ಮನೆಯ ಮುಂದೆಯೇ ಬಸ್ಸು ಹತ್ತಿದರೆ ಐದೂಮುಕ್ಕಾಲು ಗಂಟೆ. ಅಂದರೆ ವಿಮಾನಕ್ಕೂ ಬಸ್ಸಿಗೂ ಸರಿಸಮವಾಗುವ ರೇಖೆ ಉಪ್ಪಿನಂಗಡಿಯ ಆಸುಪಾಸಿನಲ್ಲೇ ನೇತ್ರಾವತಿಯನ್ನು ದಾಟುತ್ತದೆ. ಅದರ ಪಡುವಲಿನವರಿಗೆ ಆಕಾಶದ ದಾರಿ, ಮೂಡಲಿನ ನೆಲ್ಯಾಡಿ, ಶಿರಾಡಿಯವರಿಗೆ ಘಟ್ಟದ ದಾರಿ. ಜೂನ್ ಕಳೆದು ಮಳೆ ಹಿಡಿದು ಘಾಟಿ ನಿಧಾನವಾದಂತೆ ರೇಖೆ ಪೂರ್ವಕ್ಕೆ ಸರಿಯುತ್ತದೆ. ಮಳೆ ಬಿಟ್ಟು ಗುಂಡಿ ಮುಚ್ಚಿದ ಮೇಲೆ ಮತ್ತೆ ಪಶ್ಚಿಮಕ್ಕೆ ಬರುತ್ತದೆ.